ಬಾಣಂತಿಯ ಹೊಲಿಗೆ ಮತ್ತು ನಮ್ಮ ಹೊಣೆ

(ಕಳಂಬೋಲಿಯಲ್ಲಿ ಸೇರಿದ್ದ ಕಾರ್ಮಿಕ ಕುಟುಂಬಗಳ ಸಭೆಯಲ್ಲಿ ಮಾಡಿದ ಭಾಷಣ)



ಸಂಘದ ಸಭೆಯೆಂದರೆ ಪಗಾರ, ಬೋನಸ್ಸು, ಖೋಲಿಯ ಬಾಡಿಗೆ ಇವುಗಳ ಮಾತೇ ಹೆಚ್ಚು. ಇಂದು ನಾವು ಹೆಂಗಸರು ಹೊರಗೆ ಆಡದ, ಗಂಡಸರು ಕೇಳದ ಒಂದು ಸಂಗತಿಯನ್ನು ಎತ್ತಿಕೊಂಡಿದ್ದೇವೆ. ಹೊಟ್ಟೆ ಕೊಯ್ದು ಹೆರಿಗೆ ಮಾಡಿದ ಗಾಯ ನಂಜೇರಿ ಕೀವಾಗುವ ಸಂಗತಿಯದು.

ಸಿಸೇರಿಯನ್ ಈಗ ಅಪರೂಪವಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ನೂರು ಹೆರಿಗೆಗಳಲ್ಲಿ ಮಹಾರಾಷ್ಟ್ರದಲ್ಲಿ ಸುಮಾರು 25, ಕರ್ನಾಟಕದಲ್ಲಿ 31 ಈ ವಿಧದವು. ದೇಶದ ಖಾಸಗಿ ಆಸ್ಪತ್ರೆಗಳಲ್ಲಂತೂ ನೂರಕ್ಕೆ 47. ಅಂದಮೇಲೆ ಉಕ್ಕಿನ ಪೇಟೆಯಲ್ಲಿ ಹೊರೆ ಎತ್ತುವವನ ಮನೆಯಲ್ಲೂ, ಲಾರಿ ಓಡಿಸುವವನ ಮನೆಯಲ್ಲೂ ಹೊಲಿಗೆ ಹಾಕಿಸಿಕೊಂಡ ಬಾಣಂತಿ ಇರುವುದು ಸಹಜವೇ.

ಗಾಯ ಕೀವಾದರೆ ದೃಷ್ಟಿ ತಗುಲಿತು, ಬದನೆಕಾಯಿ ತಿಂದಳು, ನೀರು ಹೆಚ್ಚು ಕುಡಿದಳು ಎಂದು ಅವಳ ಮೇಲೆಯೇ ತಪ್ಪು ಹೊರಿಸುವುದುಂಟು. ಇದು ಸಲ್ಲದು. ನಂಜಿಗೆ ಕಾರಣ ಕಣ್ಣಿಗೆ ಕಾಣದ ಕ್ರಿಮಿಗಳು. ಚರ್ಮದ ಮೇಲೆ, ಮೂಗಿನಲ್ಲಿ, ಹೆರಿಗೆಯ ದಾರಿಯಲ್ಲಿ ಅವು ಇದ್ದೇ ಇರುತ್ತವೆ. ಕೊಯ್ದ ಜಾಗ ಅವಕ್ಕೆ ತೆರೆದ ಬಾಗಿಲು. ರಕ್ತಹೀನತೆ, ಸಕ್ಕರೆ ಕಾಯಿಲೆ, ಬೊಜ್ಜು ಇದ್ದವರಿಗೂ, ನೀರೊಡೆದು ಬಹಳ ಹೊತ್ತು ನೋವು ತಿಂದವರಿಗೂ ಅಪಾಯ ಹೆಚ್ಚು.

1847ರಲ್ಲಿ ವಿಯೆನ್ನಾದ ಆಸ್ಪತ್ರೆಯಲ್ಲಿ ಸೆಮ್ಮೆಲ್‌ವೈಸ್ ಎಂಬ ಡಾಕ್ಟರರು, ಶವ ಕೊಯ್ದು ಬಂದವರು ಕ್ಲೋರಿನ್ ಸುಣ್ಣದ ನೀರಿನಲ್ಲಿ ಕೈ ತೊಳೆಯದೆ ಬಾಣಂತಿಯರನ್ನು ಮುಟ್ಟಕೂಡದೆಂದು ಕಟ್ಟು ಮಾಡಿದರು. ಆ ಏಪ್ರಿಲ್‌ನಲ್ಲಿ ನೂರಕ್ಕೆ 18ರಷ್ಟಿದ್ದ ಸಾವು ಜೂನ್ ಹೊತ್ತಿಗೆ 2ರ ಆಸುಪಾಸಿಗೆ ಇಳಿಯಿತು. ಕೈ ತೊಳೆದದ್ದಷ್ಟೇ ಮದ್ದು!

ಇಂದಿನ ಆಸ್ಪತ್ರೆಯ ಕರ್ತವ್ಯವೂ ಸ್ಪಷ್ಟವಾಗಿದೆ. ಕೊಯ್ಯುವ ಮೊದಲೇ ಆಂಟಿಬಯೋಟಿಕ್ ಇಂಜೆಕ್ಷನ್ ಕೊಡಬೇಕು. ಕೂದಲನ್ನು ಬ್ಲೇಡಿನಿಂದ ಬೋಳಿಸಬಾರದು; ಅಗತ್ಯವಿದ್ದರೆ ಕತ್ತರಿಸಿದರೆ ಸಾಕು. ಉಪಕರಣ, ಬಟ್ಟೆ, ಕೈ ಎಲ್ಲವೂ ಶುದ್ಧವಾಗಿರಬೇಕು. 2024ರ ನವೆಂಬರ್‌ನಲ್ಲಿ ಬಳ್ಳಾರಿಯ ಜಿಲ್ಲಾಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡರು. ಅಲ್ಲಿ ಸಂಶಯ ಬಿದ್ದದ್ದು ನರಕ್ಕೆ ಏರಿಸಿದ ದ್ರಾವಣದ ಮೇಲೆ. ಗಾಯದ ನಂಜು ಬೇರೆ, ಇದು ಬೇರೆ. ಆದರೆ ಬಾಣಂತಿಯ ಪ್ರಾಣ ಆಸ್ಪತ್ರೆಯ ಶಿಸ್ತಿನ ಮೇಲೆ ನಿಂತಿದೆಯೆಂಬ ಮಾತು ಎರಡಕ್ಕೂ ಒಂದೇ.

ಇಷ್ಟಾದರೂ ಆಸ್ಪತ್ರೆಯ ಕಣ್ಣಿಗೆ ಬೀಳದ ಒಂದು ಭಾಗವಿದೆ. ನಂಜು ಸಾಮಾನ್ಯವಾಗಿ ತಲೆದೋರುವುದು ನಾಲ್ಕೈದು ದಿನಗಳ ನಂತರ. ಹಲವೊಮ್ಮೆ ಎರಡನೆಯ ವಾರದಲ್ಲಿ. ಅಷ್ಟರಲ್ಲಿ ಬಾಣಂತಿ ಮನೆಗೆ ಬಂದಿರುತ್ತಾಳೆ, ಇಲ್ಲವೇ ಊರಿನ ಬಸ್ಸು ಹತ್ತಿರುತ್ತಾಳೆ. ಕೈಯಲ್ಲಿರುವ ಕಾಗದ ಇಂಗ್ಲಿಷಿನಲ್ಲಿದ್ದರೆ ಕನ್ನಡ ಮಾತ್ರ ಬಲ್ಲ ತಾಯಿ ಅದನ್ನು ಓದುವುದು ಹೇಗೆ? ಗಾಯವಿರುವ ಜಾಗವೋ ನಾಚಿಕೆಯದು. ಗಂಡನೋ ಒಂದು ದಿನದ ಕೂಲಿ ಎಣಿಸುತ್ತಾನೆ. ಹೀಗೆ ಕಳೆದ ಎರಡು ದಿನಗಳಲ್ಲಿ ಸಣ್ಣ ನಂಜು ರಕ್ತಕ್ಕೆ ಏರಬಹುದು.

ಆದುದರಿಂದ ಈ ಗುರುತುಗಳನ್ನು ಎಲ್ಲರೂ ನೆನಪಿಡಿರಿ. ಗಾಯದ ಸುತ್ತ ಕೆಂಪು, ಬಿಸಿ, ಊತ, ಹೆಚ್ಚುವ ನೋವು; ಕೀವು, ದುರ್ವಾಸನೆ, ಹೊಲಿಗೆ ಬಿಡುವುದು; 100.4 ಡಿಗ್ರಿ ಮೀರಿದ ಜ್ವರ. ಹೊಲಸು ನಾರುವ ಸ್ರಾವ. ಇವುಗಳಲ್ಲಿ ಒಂದು ಕಂಡರೂ ಅಂದೇ ಡಾಕ್ಟರರಿಗೆ ತೋರಿಸಬೇಕು. ನಡುಕ, ಏದುಸಿರು, ಮಂಕು ಕವಿದರೆ ಕ್ಷಣವೂ ತಡೆಯದೆ 108ಕ್ಕೆ ಕರೆ ಮಾಡಿರಿ.

ಗಾಯಕ್ಕೆ ಎಣ್ಣೆ, ಅರಿಸಿನ, ಬೂದಿ ಹಚ್ಚಬೇಡಿರಿ, ಶಾಖ ಕೊಡಬೇಡಿರಿ. ಅದು ಶುಚಿಯಾಗಿ, ಒಣಗಿರಲಿ. ಮುಟ್ಟುವ ಮುಂಚೆ ಸಾಬೂನಿನಿಂದ ಕೈ ತೊಳೆಯಿರಿ. ಅಂಗಡಿಯವನು ಕೊಟ್ಟ ಮಾತ್ರೆ ನುಂಗಿ ದಿನ ದೂಡಬೇಡಿರಿ. ಬೇಳೆ, ಸೊಪ್ಪು, ಮೊಟ್ಟೆ, ಬೇಕಾದಷ್ಟು ನೀರು ಕೊಡಿರಿ. ಪಥ್ಯದ ಹೆಸರಿನಲ್ಲಿ ಹಸಿವಿನಲ್ಲಿಟ್ಟರೆ ಗಾಯ ಮಾಯುವುದಿಲ್ಲ. ಡಾಕ್ಟರರು ಬೇಡವೆನ್ನದಿದ್ದರೆ ಮಗುವಿಗೆ ಹಾಲು ಬಿಡಿಸಬೇಕಿಲ್ಲ.

ಹಕ್ಕಿನ ಮಾತನ್ನೂ ಹೇಳಬೇಕು. ಸರ್ಕಾರಿ ಆಸ್ಪತ್ರೆಯಲ್ಲಿ 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಂತೆ ಸಿಸೇರಿಯನ್, ಔಷಧ, ಏಳು ದಿನದವರೆಗೆ ಊಟ ಎಲ್ಲವೂ ಉಚಿತ. ಕಾನೂನಿನ ವ್ಯಾಪ್ತಿಗೆ ಬರುವ ದುಡಿಯುವ ತಾಯಿಗೆ ಮೊದಲ ಎರಡು ಮಕ್ಕಳಿಗೆ 26 ವಾರಗಳ ವೇತನಸಹಿತ ರಜೆಯುಂಟು. ಹೆರಿಗೆಯಿಂದಾದ ಕಾಯಿಲೆಗೆ, ಡಾಕ್ಟರರ ಸರ್ಟಿಫಿಕೇಟ್ ಇದ್ದರೆ, ಮತ್ತೂ ಒಂದು ತಿಂಗಳವರೆಗೆ ರಜೆ ಸಿಗುತ್ತದೆ. ಕೀವಾದ ಗಾಯ ಹೊತ್ತು ಕೆಲಸಕ್ಕೆ ಹೋಗಬೇಕಾಗಿಲ್ಲ.

ಕೊನೆಗೆ ನಮ್ಮದೊಂದು ಸೂಚನೆ. ಪ್ರತಿ ಸೆಕ್ಟರಿನಲ್ಲೂ ಓದುಬರಹ ಬಲ್ಲ ಇಬ್ಬರು ಸೋದರಿಯರು ಮುಂದೆ ಬರಲಿ. ಬಾಣಂತಿ ಮನೆಗೆ ಬಂದ ದಿನ ಆಸ್ಪತ್ರೆಯ ಕಾಗದವನ್ನು ಓದಿ ಕನ್ನಡದಲ್ಲಿ ತಿಳಿಸಲಿ. ಏಳನೆಯ ದಿನ, ಹದಿನಾಲ್ಕನೆಯ ದಿನ ಹೋಗಿ ಗಾಯ ನೋಡಲಿ. ಊರಿಗೆ ಹೋದವಳಿಗೆ ಫೋನು ಮಾಡಿ ಕೇಳಲಿ. ಇದಕ್ಕೆ ಚಂದಾ ಬೇಕಿಲ್ಲ, ಕಟ್ಟಡ ಬೇಕಿಲ್ಲ. ಹೆಸರು ಕೊಡುವವರು ಸಭೆ ಮುಗಿಯುವ ಮುನ್ನವೇ ಕೊಡಬೇಕೆಂದು ಕೇಳಿಕೊಳ್ಳುತ್ತೇವೆ.