ಗುಂಟೆ ಲೆಕ್ಕ, ಚದರಡಿ ಲೆಕ್ಕ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹರೂಪ)



"ನೀನು ಅಮೆರಿಕ ನೋಡಿ ಬಂದವನು, ಅಲ್ಲಿ ದೊಡ್ಡ ದೊಡ್ಡ ಊರುಗಳನ್ನು ಹೇಗೆ ಕಟ್ಟುತ್ತಾರೆ ಅಂತ ಹೇಳು" ಎಂದು ಸಮಿತಿಯವರು ಅಪ್ಪಣೆ ಮಾಡಿದರು. ಹೇಳುತ್ತೇನೆ. ಆದರೆ ಅಲ್ಲಿಗೆ ಹೋಗಿ ಬೇಗ ವಾಪಸ್ ಬಂದುಬಿಡುತ್ತೇನೆ. ನನಗೆ ಹೇಳಬೇಕಾಗಿರುವುದು ನಮ್ಮ ಹೊಲದ ವಿಷಯ.

ಕಂಪನಿ ಕೆಲಸದ ಮೇಲೆ ನಾನು ಕೆಲವು ತಿಂಗಳು ಇದ್ದದ್ದು ಟೆಕ್ಸಾಸ್ ರಾಜ್ಯದ ರಾಜಧಾನಿ ಆಸ್ಟಿನ್‌ನಲ್ಲಿ. 1990ರಲ್ಲಿ ಆ ಊರಿನ ಜನಸಂಖ್ಯೆ ಐದು ಲಕ್ಷವೂ ಇರಲಿಲ್ಲ. 2020ರ ಜನಗಣತಿಯ ಹೊತ್ತಿಗೆ ಒಂಬತ್ತೂವರೆ ಲಕ್ಷ ದಾಟಿತ್ತು. ಅಲ್ಲೊಂದು ದೊಡ್ಡ ವಿಶ್ವವಿದ್ಯಾಲಯ ಇದೆ. ಡೆಲ್ ಕಂಪ್ಯೂಟರ್ ಕಂಪನಿ 1984ರಲ್ಲಿ ಆ ವಿಶ್ವವಿದ್ಯಾಲಯದ ಹಾಸ್ಟೆಲ್ ಕೋಣೆಯಲ್ಲೇ ಶುರುವಾದದ್ದು. ಆಮೇಲೆ ಒಂದರ ಹಿಂದೆ ಒಂದು ಕಂಪನಿ ಬಂದವು. ನಾನಿದ್ದಾಗ ಆಫೀಸಿನ ಕಿಟಕಿಯಲ್ಲಿ ನೋಡಿದರೆ ಆಕಾಶಕ್ಕಿಂತ ಕ್ರೇನುಗಳೇ ಹೆಚ್ಚು ಕಾಣುತ್ತಿದ್ದವು.

ಆ ಊರಿನ ನಡುವೆ ಒಂದು ದೊಡ್ಡ ಹೆದ್ದಾರಿ ಇದೆ. 1928ರಲ್ಲಿ ನಗರದ ನಕ್ಷೆ ಮಾಡಿದವರು ಕಪ್ಪು ಜನರೆಲ್ಲ ಊರಿನ ಪೂರ್ವ ಭಾಗಕ್ಕೆ ಹೋಗುವ ಹಾಗೆ ಯೋಜನೆ ಬರೆದಿದ್ದರು. 1962ರಲ್ಲಿ ಹೆದ್ದಾರಿ ಬಂದು ಎರಡು ಭಾಗಗಳ ನಡುವೆ ಗೋಡೆಯ ಹಾಗೆ ನಿಂತಿತು. ಬಹಳ ಕಾಲ ಪೂರ್ವದ ಕಡೆ ಯಾರೂ ತಿರುಗಿ ನೋಡಲಿಲ್ಲ. ಕಂಪನಿಗಳು ಬಂದ ಮೇಲೆ ಅದೇ ನೆಲಕ್ಕೆ ಬೆಲೆ ಬಂತು. ಟೆಕ್ಸಾಸಿನಲ್ಲಿ ರಾಜ್ಯದ ಆದಾಯ ತೆರಿಗೆ ಇಲ್ಲ, ಮನೆಯ ಬೆಲೆಯ ಮೇಲೆ ವರ್ಷ ವರ್ಷ ತೆರಿಗೆ ಕಟ್ಟಬೇಕು. ಪಕ್ಕದಲ್ಲಿ ಬಂಗಲೆ ಎದ್ದರೆ ನಿಮ್ಮ ಹಳೇ ಮನೆಯ ತೆರಿಗೆಯೂ ಏರುತ್ತದೆ. ಎಷ್ಟೋ ಹಳೇ ಕುಟುಂಬಗಳು ತೆರಿಗೆ ಕಟ್ಟಲಾರದೆ ಮಾರಿ ಹೊರಟುಹೋದವು. ಇನ್ನೊಂದು ವಿಷಯ. ಕಟ್ಟಿದ್ದೇ ಕಟ್ಟಿದ್ದು, 2022ರ ನಂತರ ಅಲ್ಲಿ ಬಾಡಿಗೆ ಇಳಿಯಲು ಶುರುವಾಯಿತು. "ಭೂಮಿ ಬೆಲೆ ಇಳಿಯೋ ಮಾತೇ ಇಲ್ಲ ಗೌಡ್ರೆ" ಎನ್ನುವ ಬ್ರೋಕರ್ ಬಂದಾಗ ಇದನ್ನು ನೆನಪಿಸಿಕೊಳ್ಳಿ.

ಈಗ ನಮ್ಮ ಕಡೆಗೆ ಬರೋಣ. ನಾನು ಈ ಶಾಲೆಯಲ್ಲಿ ಓದುವಾಗ ನಮ್ಮದು ಬೆಂಗಳೂರು ಗ್ರಾಮಾಂತರ ಜಿಲ್ಲೆ. 2007ರಲ್ಲಿ ರಾಮನಗರ ಜಿಲ್ಲೆಯಾಯಿತು. 2025ರಲ್ಲಿ ಬೆಂಗಳೂರು ದಕ್ಷಿಣ ಎಂದು ಹೆಸರಾಯಿತು. ನಮ್ಮವ್ವ ಮನೆ ಬದಲಿಸದೆಯೇ ಮೂರು ಜಿಲ್ಲೆ ನೋಡಿದ್ದಾಳೆ! ಹೆಸರು ಬದಲಾದ ಮಾರನೇ ದಿನದಿಂದಲೇ ಸೈಟಿನ ಬೋರ್ಡುಗಳಲ್ಲಿ ಬೆಂಗಳೂರು ಎಂದು ದಪ್ಪಕ್ಷರ.

ಹೆದ್ದಾರಿಯೂ ಬಂತು. 2023ರ ಮಾರ್ಚ್ 12ರಂದು ಬೆಂಗಳೂರು–ಮೈಸೂರು ರಸ್ತೆ ಉದ್ಘಾಟನೆಯಾಯಿತು. ಹಬ್ಬಕ್ಕೆ ಊರಿಗೆ ಬರಲು ನನಗೆ ಅನುಕೂಲವಾಗಿದೆ, ಸುಳ್ಳು ಹೇಳುವುದಿಲ್ಲ. ಆದರೆ ಬೈಪಾಸಿನ ಮೇಲೆ ಕಾರು ಹೋಗುವಾಗ ಚನ್ನಪಟ್ಟಣದ ಗೊಂಬೆ ಅಂಗಡಿ ಕಣ್ಣಿಗೇ ಬೀಳುವುದಿಲ್ಲ. ಹಳೇ ರಸ್ತೆಯಲ್ಲಿ ಮೈಸೂರಿಗೆ ಹೋಗುವವರು ನಿಲ್ಲಿಸಿ ಮಕ್ಕಳಿಗೆ ಬುಗುರಿ, ಕುದುರೆ ಕೊಳ್ಳುತ್ತಿದ್ದರು. ಆಲೆ ಮರಕ್ಕೆ ಅರಗಿನ ಬಣ್ಣ ಹಚ್ಚುವ ಕೈಗಳಿಗೆ ಆ ನಿಂತ ಕಾರುಗಳೇ ಮಾರುಕಟ್ಟೆ. 2023ರ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರುಗಳನ್ನು ಮುಖ್ಯ ರಸ್ತೆಗೆ ಬಿಡುತ್ತಿಲ್ಲ. ಅಪಘಾತದಲ್ಲಿ ಅಷ್ಟು ಜನ ಸತ್ತ ಮೇಲೆ ಅದು ಬೇಕಾದ ನಿಯಮವೇ. ಆದರೂ ನಮ್ಮ ರೈತರ ಜಮೀನಿನ ಮೇಲೆ ಹಾಕಿದ ರಸ್ತೆಗೆ ರೈತನ ಟ್ರ್ಯಾಕ್ಟರು ಹತ್ತುವಂತಿಲ್ಲ ಎಂದಾಗ ಮನಸ್ಸಿಗೆ ಒಂಥರಾ ಆಗುತ್ತದೆ.

ರಸ್ತೆಯ ಹಿಂದೆಯೇ ಬಡಾವಣೆ ಬರುತ್ತದೆ. ಬಿಡದಿ ಕಡೆಯವರನ್ನು ಕೇಳಿ ನೋಡಿ. 2006ರಲ್ಲಿ ಉಪನಗರ ಎಂದರು, ನಿಂತುಹೋಯಿತು. 2025ರಲ್ಲಿ ಮತ್ತೆ ಎದ್ದಿದೆ. ಬೈರಮಂಗಲ, ಕಂಚುಗಾರನಹಳ್ಳಿ ಕಡೆಯ ರೈತರು ಜಮೀನು ಬಿಡುವುದಿಲ್ಲ ಎಂದು ಧರಣಿ ಕೂತರು. ನಮ್ಮ ಕಡೆ ಸರ್ಕಾರಕ್ಕಿಂತ ಮೊದಲು ಬ್ರೋಕರ್ ಬರುತ್ತಾನೆ.

ನಮ್ಮ ಮನೆಯದೇ ಹೇಳುತ್ತೇನೆ. ನಾನು ಬಿಇ ಸೇರಿದ ವರ್ಷ ಫೀಸಿಗೆಂದು ಅಪ್ಪ ಮೂವತ್ತು ಗುಂಟೆ ಮಾರಿದರು. ಆ ಹೊಲದಲ್ಲಿ ಹಿಪ್ಪುನೇರಳೆ ಇತ್ತು. ರೇಷ್ಮೆಗೂಡು ರಾಮನಗರದ ಮಾರುಕಟ್ಟೆಗೆ ಹೋಗುತ್ತಿತ್ತು. "ಒಳ್ಳೇ ರೇಟು ಕಣಪ್ಪ, ಇನ್ನೇನು ಬೇಕು" ಎಂದರು. ನನಗೂ ಹಾಗೇ ಅನ್ನಿಸಿತು. ಓದಿನ ಚಿಂತೆಯಲ್ಲಿದ್ದವನು ನಾನು. ಕೆಲವು ವರ್ಷ ಕಳೆದ ಮೇಲೆ ಅದೇ ಜಾಗದಲ್ಲಿ ಕಲ್ಲು ನೆಟ್ಟು ಸೈಟು ಮಾಡಿದರು.

ಮಕ್ಕಳೇ, ಇಲ್ಲೊಂದು ಲೆಕ್ಕ ಇದೆ, ಬರೆದುಕೊಳ್ಳಿ. ಒಂದು ಗುಂಟೆ ಎಂದರೆ 1,089 ಚದರಡಿ. ನಲವತ್ತು ಗುಂಟೆಗೆ ಒಂದು ಎಕರೆ, 43,560 ಚದರಡಿ. ಮೂವತ್ತು–ನಲವತ್ತರ ಸೈಟು 1,200 ಚದರಡಿ. ಭಾಗಿಸಿದರೆ ಎಕರೆಗೆ 36 ಬರುತ್ತದೆ. ಕಾನೂನಿನ ಪ್ರಕಾರ ರಸ್ತೆ, ಚರಂಡಿ, ಪಾರ್ಕಿಗೆ ಜಾಗ ಬಿಟ್ಟರೆ ಉಳಿಯುವುದು ಸುಮಾರು ಇಪ್ಪತ್ತು. ಏನನ್ನೂ ಬಿಡದೆ ಕಿರಿದಾದ ದಾರಿ ಮಾತ್ರ ಬಿಟ್ಟರೆ ಮೂವತ್ತರ ಹತ್ತಿರ. ಆ ಹೆಚ್ಚಿನ ಹತ್ತು ಸೈಟಿನಲ್ಲೇ ಲಾಭ ಇರುವುದು, ಆ ಬಡಾವಣೆಯ ಕೊಳಚೆ ಪಕ್ಕದ ಹೊಲಕ್ಕೆ ಹರಿಯುವುದೂ ಅದರಿಂದಲೇ. ನಮಗೆ ಹಾಗೇ ಆಯಿತು. ಮಳೆ ಬಂದರೆ ಉಳಿದ ಒಂದು ಎಕರೆಯಲ್ಲಿ ಮೊಣಕಾಲು ನೀರು, ಅದೂ ಬಚ್ಚಲು ನೀರು. ನಾವು ಗುಂಟೆ ಲೆಕ್ಕದಲ್ಲಿ ಮಾರಿದ್ದೆವು, ಅವರು ಚದರಡಿ ಲೆಕ್ಕದಲ್ಲಿ ಮಾರಿದರು. ಗಣಿತದ ಮೇಷ್ಟ್ರು ಇಲ್ಲೇ ಕೂತಿದ್ದಾರೆ. ಭಾಗಾಕಾರ ಕಲಿಸಿದ್ದು ಅವರೇ, ಬೇಕಾದ ಹೊತ್ತಿನಲ್ಲಿ ಮಾಡದೇ ಹೋದದ್ದು ನಾನು.

ಕೊಳ್ಳುವವರು ಯಾರು ಎಂದು ಕೇಳಿದರೆ, ನನ್ನಂಥವರೇ. 2020ರಲ್ಲಿ ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿಯಾದ ಮೇಲೆ ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು. ನನ್ನ ಆಫೀಸಿನಲ್ಲಿ ಊಟದ ಹೊತ್ತಿಗೆ ಮಾತೇ ಅದು: ಫಾರ್ಮ್ ಹೌಸು, ತೆಂಗಿನ ತೋಟ, ಎಕರೆಗೆ ಎಷ್ಟು. ನನ್ನನ್ನೂ "ನಿಮ್ಮೂರ ಕಡೆ ಎಲ್ಲಾದರೂ ಇದೆಯಾ" ಎಂದು ಕೇಳುತ್ತಾರೆ. ನಾನೇ ಬಾಡಿಗೆಗಿರುವ ಫ್ಲ್ಯಾಟೂ ಯಾರೋ ಒಬ್ಬರು ಗುಂಟೆ ಲೆಕ್ಕದಲ್ಲಿ ಮಾರಿದ ಜಾಗವೇ ಇರಬೇಕು.

ಮಾರಬೇಡಿ ಎಂದು ಹೇಳುವ ಯೋಗ್ಯತೆ ನನಗಿಲ್ಲ. ಆ ಮೂವತ್ತು ಗುಂಟೆ ಮಾರದಿದ್ದರೆ ನಾನು ಈ ಮೈಕಿನ ಮುಂದೆ ನಿಲ್ಲುತ್ತಿರಲಿಲ್ಲ. ಮಾರುವ ಮುಂಚೆ ಕೇಳಬೇಕಾದ್ದನ್ನು ಮಾತ್ರ ಹೇಳುತ್ತೇನೆ. ಬಡಾವಣೆ ಮಾಡುವುದಾದರೆ 1964ರ ಭೂ ಕಂದಾಯ ಕಾಯ್ದೆಯ ಪ್ರಕಾರ ಪರಿವರ್ತನೆ ಆಗಬೇಕು, ಯೋಜನಾ ಪ್ರಾಧಿಕಾರದ ನಕ್ಷೆ ಬೇಕು. ಚರಂಡಿ ಎಲ್ಲಿ ಹೋಗುತ್ತದೆ ಎಂದು ಆ ನಕ್ಷೆಯ ಮೇಲೆ ಬೆರಳಿಟ್ಟು ತೋರಿಸಲು ಹೇಳಿ. ಮಂಜೂರಾತಿ ಜಮೀನಾದರೆ 1978ರ ಪಿಟಿಸಿಎಲ್ ಕಾಯ್ದೆ ಅನ್ವಯಿಸುತ್ತದೆಯೋ ಎಂದು ನೋಡಿಸಿ. ಪವರ್ ಆಫ್ ಅಟಾರ್ನಿಗೆ ಅವಸರದಲ್ಲಿ ಹೆಬ್ಬೆಟ್ಟು ಒತ್ತಬೇಡಿ. ಮತ್ತೊಂದು, ಇದನ್ನು ಯಾರೂ ಹೇಳುವುದಿಲ್ಲ: ಕ್ರಯಪತ್ರದಲ್ಲಿ ಬೆಲೆ ಕಡಿಮೆ ಬರೆಸಬೇಡಿ. 2013ರ ಭೂಸ್ವಾಧೀನ ಕಾಯ್ದೆಯಲ್ಲಿ ಪರಿಹಾರದ ಲೆಕ್ಕ ಹಾಕುವಾಗ ಸುತ್ತಮುತ್ತ ಹಿಂದಿನ ಮೂರು ವರ್ಷ ನೋಂದಣಿಯಾದ ಕ್ರಯಪತ್ರಗಳನ್ನೂ ನೋಡುತ್ತಾರೆ. ನೀವು ಸ್ಟ್ಯಾಂಪಿನ ಹಣ ಉಳಿಸಿದರೆ ನಾಳೆ ಪಕ್ಕದ ಹೊಲದವನ ಪರಿಹಾರ ಕಡಿಮೆಯಾಗುತ್ತದೆ.

ಹೋದ ತಿಂಗಳು ಉಳಿದ ಆ ಒಂದು ಎಕರೆ ಕೇಳಿಕೊಂಡು ಒಬ್ಬರು ಮನೆಗೆ ಬಂದಿದ್ದರು. ಎಕರೆಗೆ ಇಷ್ಟು ಎಂದರು. ಅಪ್ಪ ಒಳಗಿಂದ ಕಾಗದ ಪೆನ್ನು ತರಿಸಿ, "ಚದರಡಿಗೆ ಎಷ್ಟಾಯ್ತು, ಬರೆದು ತೋರಿಸಿ ಸ್ವಾಮಿ" ಎಂದರು. ಬಂದವರು ಕಾಫಿ ಕುಡಿದು, ಮತ್ತೆ ಬರುತ್ತೇನೆ ಎಂದು ಹೋದರು. ಮಾರುವುದೋ ಬೇಡವೋ ನಮ್ಮ ಮನೆಯಲ್ಲಿ ಇನ್ನೂ ತೀರ್ಮಾನವಾಗಿಲ್ಲ.

ಯುಗಾದಿ, ಗೌರಿ ಹಬ್ಬಕ್ಕೆ ನಾನು ಊರಲ್ಲೇ ಇರುತ್ತೇನೆ. ಪಹಣಿ, ಪತ್ರ ಯಾವುದಾದರೂ ಓದಬೇಕಿದ್ದರೆ ಸಂಕೋಚವಿಲ್ಲದೆ ತನ್ನಿ, ಕೂತು ನೋಡೋಣ.