ಬೆಟ್ಟದ ಗಾಳಿಗೆ ಬಾಡಿಗೆಯಿಲ್ಲ

(ಸಂಘದ ತಿಂಗಳ ಸಭೆಯಲ್ಲಿ ಮಾಡಿದ ಭಾಷಣ)



ಈ ಸಂಜೆ ನನಗೆ ಒಪ್ಪಿಸಿರುವ ವಿಷಯ ‘ಅಲ್ಪ ಪಗಾರದವರ ಗಿರಿಧಾಮ ಪ್ರವಾಸ’. ಅಧ್ಯಕ್ಷರು ವಿಷಯವನ್ನು ಓದಿದೊಡನೆ ಹಿಂದಿನ ಸಾಲಿನಲ್ಲಿ ಕೆಲವರು ನಕ್ಕರು. ಆ ನಗೆ ನನಗೆ ಅರ್ಥವಾಗುತ್ತದೆ. ವರ್ಷಕ್ಕೊಮ್ಮೆ ಊರಿಗೆ ಹೋಗಿಬರಲು ರೈಲಿನ ಹಣ ಹೊಂದಿಸುವುದೇ ಒಂದು ದೊಡ್ಡ ಕೆಲಸವಾಗಿರುವಾಗ, ಅಬು ಪರ್ವತಕ್ಕೆ ಹವಾ ತಿನ್ನಲು ಹೋಗುವ ಮಾತು ಹಾಸ್ಯದಂತೆ ಕೇಳುವುದು ಸಹಜ. ಆದರೂ ಈ ವಿಷಯವನ್ನು ನಾವು ಗಂಭೀರವಾಗಿ ಯೋಚಿಸಬೇಕು ಎಂಬುದು ನನ್ನ ವಿನಂತಿ.

ನಮ್ಮ ರಜೆ ಹೇಗೆ ಕಳೆಯುತ್ತದೆ ನೋಡಿ. ಬೆಳಗಿನ ಐದಕ್ಕೆ ಒಲೆ ಹಚ್ಚಿ ರಾತ್ರಿ ಹನ್ನೊಂದಕ್ಕೆ ಮೇಜು ಒರೆಸಿ ಮಲಗುವ ಹೊಟೇಲಿನ ಹುಡುಗನಿಗೆ, ಹನ್ನೆರಡು ಗಂಟೆಯ ಪಾಳಿ ಮುಗಿಸಿದ ಮೇಲೂ ಕಿವಿಯಲ್ಲಿ ಮಗ್ಗದ ಸದ್ದನ್ನೇ ಕೇಳುವ ಸೂರತ್ತಿನ ಕೆಲಸಗಾರನಿಗೆ, ಸಿಕ್ಕಿದ ರಜೆಯೆಲ್ಲ ಊರಿಗೇ ಸಲ್ಲುತ್ತದೆ. ಊರಿನಲ್ಲಿ ತಂಗಿಯ ಮದುವೆ, ತಂದೆಯ ಶ್ರಾದ್ಧ, ದಾಯಾದಿಗಳ ಜಮೀನಿನ ಜಗಳ, ಸೋರುವ ಮಾಡಿನ ರಿಪೇರಿ. ಊರಿಗೆ ಹೋಗಲೇಬೇಕು, ಅದು ಕರ್ತವ್ಯ. ಆದರೆ ಅದು ವಿಶ್ರಾಂತಿಯಲ್ಲ. ಹೋದಾಗಿನದಕ್ಕಿಂತ ಹೆಚ್ಚು ದಣಿದು ನಾವು ಮರಳುತ್ತೇವೆ. ಹೆಂಡತಿ ಮಕ್ಕಳೊಂದಿಗೆ ಯಾವ ಕೆಲಸವೂ ಇಲ್ಲದೆ ಎರಡು ದಿನ ಕಳೆದವರು ಈ ಸಭೆಯಲ್ಲಿ ಎಷ್ಟು ಮಂದಿ ಇದ್ದೀರಿ? ಇತರರ ಪ್ರವಾಸಕ್ಕೆ ಕಾಫಿ ತಿಂಡಿ ಒದಗಿಸುವುದೇ ನಮ್ಮಲ್ಲಿ ಅನೇಕರ ಕಸುಬು. ಬಡಿಸುವವನೂ ಒಮ್ಮೆ ಎಲೆಯ ಮುಂದೆ ಕುಳಿತುಕೊಳ್ಳಬೇಡವೇ?

ವಿಶ್ರಾಂತಿಯು ಧಣಿಗಳ ಔದಾರ್ಯವಲ್ಲ, ಹಕ್ಕು. 1918ರಲ್ಲಿ ಇದೇ ಅಹಮದಾಬಾದಿನ ಮಿಲ್ಲು ಕಾರ್ಮಿಕರು ಗಾಂಧೀಜಿಯವರ ಮುಂದಾಳ್ತನದಲ್ಲಿ ಶೇಕಡ 35ರ ಹೆಚ್ಚಳಕ್ಕಾಗಿ ಮುಷ್ಕರ ಹೂಡಿದರು. 1920ರಲ್ಲಿ ಅನಸೂಯಾ ಬೆನ್ ಮೊದಲಾದವರ ಶ್ರಮದಿಂದ ಮಜೂರ್ ಮಹಾಜನ ಕಟ್ಟಲ್ಪಟ್ಟಿತು. ಇಂಥ ಹೋರಾಟಗಳ ಬಳಿಕವೇ ದುಡಿಮೆಗೊಂದು ಮಿತಿ, ರಜೆಗೊಂದು ಕಾನೂನು ಬಂದದ್ದು. 1948ರ ಕಾರ್ಖಾನೆ ಕಾಯಿದೆಯಂತೆ ವರ್ಷದಲ್ಲಿ 240 ದಿನ ದುಡಿದವನಿಗೆ ಪ್ರತಿ 20 ದಿನಕ್ಕೆ ಒಂದರಂತೆ ಸಂಬಳಸಹಿತ ರಜೆ ಇತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಸಂಹಿತೆಯು ಆ 240 ದಿನಗಳನ್ನು 180ಕ್ಕೆ ಇಳಿಸಿದೆ. 300 ದಿನ ದುಡಿದವನಿಗೆ 15 ದಿನಗಳಾದವು. ಹತ್ತು ದಿನ ಊರಿಗಿರಲಿ, ಎರಡು ದಿನ ನಿಮ್ಮ ಸಂಸಾರಕ್ಕಿರಲಿ ಎಂಬುದಷ್ಟೇ ನನ್ನ ಮಾತು. ನಿಮ್ಮ ಲೆಕ್ಕಕ್ಕೆ ಎಷ್ಟು ರಜೆ ಸೇರಿದೆ ಎಂದು ಕೇಳಿ ತಿಳಿದುಕೊಳ್ಳಿ; ಕೇಳಲು ಅಳುಕಾದರೆ ಸಂಘದ ಕಾರ್ಯದರ್ಶಿಗಳನ್ನು ಜತೆಗೆ ಕರೆದುಕೊಂಡು ಹೋಗಿ.

ಬೇರೆ ದೇಶದವರೂ ಹೀಗೆಯೇ ಪಡೆದುಕೊಂಡರು. ಫ್ರಾನ್ಸ್ ದೇಶದಲ್ಲಿ ಕಡಲತೀರವೂ ಹಿಮದ ಬೆಟ್ಟಗಳೂ ಬಹುಕಾಲ ಸಿರಿವಂತರ ಸೊತ್ತಾಗಿದ್ದವು. 1936ರ ಬೇಸಗೆಯ ದೊಡ್ಡ ಮುಷ್ಕರಗಳ ನಂತರ ಅಲ್ಲಿನ ಸರಕಾರ ಕಾರ್ಮಿಕರಿಗೆ ಎರಡು ವಾರಗಳ ಸಂಬಳಸಹಿತ ರಜೆಯನ್ನು ಕಾನೂನು ಮಾಡಿತು. ರಜೆ ಸಿಕ್ಕರೆ ಸಾಲದು, ಹೋಗಲು ಹಣವೂ ಬೇಕಷ್ಟೆ. ಲಿಯೋ ಲಗ್ರಾಂಜ್ ಎಂಬ ಮಂತ್ರಿ ಕಾರ್ಮಿಕರಿಗೆ ರೈಲಿನಲ್ಲಿ ಅಗ್ಗದ ಟಿಕೇಟು ಕೊಡಿಸಿದರು. ಅದೇ ವರ್ಷ ಲಕ್ಷಗಟ್ಟಲೆ ಜನ ಮೊದಲ ಬಾರಿಗೆ ಸಮುದ್ರವನ್ನು ಕಂಡರು.

ಈಗ ಅಬುವಿಗೆ ಬರೋಣ. ಅದೂ ಒಂದು ಕಾಲಕ್ಕೆ ದೊಡ್ಡವರ ಬೆಟ್ಟವೇ. ರಾಜಪುತಾನದ ಬ್ರಿಟಿಷ್ ಏಜೆಂಟರು ಅಲ್ಲಿ ವಾಸವಾಗಿದ್ದರು. ರಾಜರುಗಳು ಬೇಸಗೆಯ ಅರಮನೆಗಳನ್ನು ಕಟ್ಟಿಸಿದರು. ಸ್ವಾತಂತ್ರ್ಯದ ನಂತರ ಕೆಲವು ವರ್ಷ ಮುಂಬಯಿ ರಾಜ್ಯದಲ್ಲಿದ್ದು, 1956ರ ನವೆಂಬರ್ 1ರಂದು, ನಮ್ಮ ಕನ್ನಡ ನಾಡು ಒಂದಾದ ಅದೇ ದಿನ, ಅಬು ರಾಜಸ್ಥಾನಕ್ಕೆ ಸೇರಿತು. ಈಗ ಅಲ್ಲಿಗೆ ಹೋಗಲು ಯಾರ ಚೀಟಿಯೂ ಬೇಡ. ಅಹಮದಾಬಾದಿನಿಂದ ಅಬು ರೋಡ್ ಸ್ಟೇಶನ್ ಸುಮಾರು 185 ಕಿಲೋಮೀಟರು; ಅಲ್ಲಿಂದ ಬೆಟ್ಟದ ಮೇಲಿನ ಊರಿಗೆ ಇನ್ನು ಸುಮಾರು 28. ರೈಲಿನ ಸಾಮಾನ್ಯ ದರ್ಜೆಯಲ್ಲಿ ಹೋಗಿ, ಸ್ಟೇಶನ್ನಿನಿಂದ ಬಸ್ಸು ಅಥವಾ ಸೀಟಿನ ಲೆಕ್ಕದ ಜೀಪು ಹಿಡಿಯಬಹುದು. ಗೀತಾ ಮಂದಿರದ ಸ್ಟ್ಯಾಂಡಿನಿಂದ ಎಸ್.ಟಿ. ಬಸ್ಸೂ ಇದೆ.

ಅಲ್ಲಿ ನೋಡತಕ್ಕದ್ದರಲ್ಲಿ ಹೆಚ್ಚಿನದಕ್ಕೆ ಹಣ ಬೇಕಿಲ್ಲ. ನಕ್ಕಿ ಸರೋವರದ ದಂಡೆಯಲ್ಲಿ ಕುಳಿತುಕೊಳ್ಳಲು ದುಡ್ಡಿಲ್ಲ. ದೋಣಿಗೆ ಮಾತ್ರ ಇದೆ. ಸೂರ್ಯಾಸ್ತದ ಜಾಗಕ್ಕೆ ನಡೆದೇ ಹೋಗಬಹುದು. ಅರಾವಳಿಯಲ್ಲೆಲ್ಲ ಎತ್ತರವಾದ ಗುರುಶಿಖರ 1722 ಮೀಟರು. ನಮ್ಮ ಮುಳ್ಳಯ್ಯನಗಿರಿಗಿಂತ ಗಿಡ್ಡವಾದರೂ ಸುತ್ತಲಿನ ಬಯಲುಸೀಮೆಯಿಂದ ಎದ್ದು ನಿಂತಿರುವ ರೀತಿ ಬಹಳ ಸೊಗಸು. ದಾರಿಯಲ್ಲಿ ಅಚಲಗಢ, ರಾಣಾ ಕುಂಭ 1452ರಲ್ಲಿ ಮತ್ತೆ ಕಟ್ಟಿಸಿದ ಕೋಟೆ. ಎಲ್ಲಕ್ಕಿಂತ ಮಿಗಿಲು ದಿಲ್ವಾರದ ಜೈನ ಬಸದಿಗಳು. ಒಂದನ್ನು 1031ರಲ್ಲಿ ಗುಜರಾತಿನ ಸೋಳಂಕಿ ರಾಜರ ಮಂತ್ರಿ ವಿಮಲಶಾಹ, ಇನ್ನೊಂದನ್ನು 1230ರಲ್ಲಿ ವಸ್ತುಪಾಲ ತೇಜಪಾಲ ಸೋದರರು ಕಟ್ಟಿಸಿದರು. ನಮ್ಮ ಬೇಲೂರು ಹಳೇಬೀಡಿನ ಕೆಲಸವನ್ನು ಬಲ್ಲವರಿಗೆ ಇದು ಅಮೃತಶಿಲೆಯಲ್ಲಿ ಅದರ ಒಡಹುಟ್ಟಿನಂತೆ ಕಾಣುತ್ತದೆ. ಕೆತ್ತಿ ಉದುರಿಸಿದ ಕಲ್ಲಿನ ಪುಡಿಯನ್ನು ತೂಗಿ ಶಿಲ್ಪಿಗಳಿಗೆ ಕೂಲಿ ಕೊಡುತ್ತಿದ್ದರೆಂದು ಅಲ್ಲೊಂದು ಕಥೆ ಹೇಳುತ್ತಾರೆ. ನಿಜವೋ ಕಟ್ಟುಕಥೆಯೋ, ಒಳ್ಳೆಯ ಕೆಲಸಕ್ಕೆ ಒಳ್ಳೆಯ ಕೂಲಿ ಎಂಬ ಮಾತು ಅದರಲ್ಲಿದೆ. ಮಕ್ಕಳಿಗೆ ಹೇಳತಕ್ಕ ಕಥೆ. ಜೈನರಲ್ಲದವರಿಗೆ ಮಧ್ಯಾಹ್ನದ ನಂತರ ಪ್ರವೇಶ. ಚರ್ಮದ ಪಟ್ಟಿ ಪಾಕೀಟು ಒಳಗೆ ಒಯ್ಯುವಂತಿಲ್ಲ. ಮೊದಲ ದಿನ ಮಧ್ಯಾಹ್ನ ದಿಲ್ವಾರ, ಸಂಜೆ ಸೂರ್ಯಾಸ್ತ, ಮರುದಿನ ಬೆಳಿಗ್ಗೆ ಗುರುಶಿಖರ, ಅಚಲಗಢ, ಸಂಜೆಗೆ ಕೆಳಗಿಳಿಯುವುದು. ಎರಡು ಹಗಲು, ಒಂದು ರಾತ್ರಿ ಸಾಕು.

ಹಾಗಾದರೆ ಹಣ ಸೋರುವುದು ಎಲ್ಲಿ? ನಾಲ್ಕು ತೂತುಗಳಿವೆ.

ಮೊದಲನೆಯದು ಕಾಲ. ದೀಪಾವಳಿಯಿಂದ ಲಾಭ ಪಂಚಮಿಯವರೆಗೆ ಗುಜರಾತಿಗೆ ಗುಜರಾತೇ ಬೀಗ ಹಾಕಿ ತಿರುಗಾಟಕ್ಕೆ ಹೊರಡುತ್ತದೆ. ಆ ವಾರ ಅಬುವಿನಲ್ಲಿ ಕೋಣೆಗೆ ಹೇಳಿದ್ದೇ ಬೆಲೆ. ಹಬ್ಬದಲ್ಲಿ ನಮಗೆ ರಜೆ ಕೊಡುವುದಿಲ್ಲವೆಂದು ಹೊಟೇಲಿನವರು ಗೊಣಗುತ್ತೀರಿ. ಗೊಣಗಬೇಡಿ, ಎಲ್ಲರೂ ಮರಳಿದ ಮೇಲೆ, ಸೋಮವಾರ ಹೊರಟು ಬುಧವಾರ ಬನ್ನಿ. ಹಬ್ಬದ ದಿನ ನಾವು ದುಡಿಯುವುದರಿಂದ ಬರುವ ಲಾಭ ಇದೊಂದು. ಮಳೆಗಾಲದ ನಡುವಾರಗಳೂ ಒಳ್ಳೆಯವು. ಡಿಸೆಂಬರ್ ಜನವರಿಯಲ್ಲಿ ಮಾತ್ರ ಅಲ್ಲಿ ಕೆಲವು ರಾತ್ರಿ ನೀರು ಹೆಪ್ಪುಗಟ್ಟುವಷ್ಟು ಚಳಿ. ಎಳೆಮಕ್ಕಳಿದ್ದರೆ ಕಂಬಳಿ ಮರೆಯಬೇಡಿ.

ಎರಡನೆಯದು ಕೋಣೆ. ಬಸ್ಸಿಳಿದೊಡನೆ ಕೈಯಿಂದ ಚೀಲ ಕಸಿಯುವ ದಲ್ಲಾಳಿಯ ಹಿಂದೆ ಹೋದರೆ ಅವನ ದಲ್ಲಾಳಿಯೂ ನಿಮ್ಮ ಬಿಲ್ಲಿಗೇ ಸೇರುತ್ತದೆ. ಹೆಂಗಸರು ಮಕ್ಕಳನ್ನು ಸ್ಟ್ಯಾಂಡಿನಲ್ಲಿ ಕೂರಿಸಿ, ಒಬ್ಬರು ನಡೆದು ಹೋಗಿ ಮೂರು ಕಡೆ ವಿಚಾರಿಸಿ. ಧರ್ಮಶಾಲೆಗಳಿವೆ. ಬಿಸಿನೀರು ಬಾಡಿಗೆಯಲ್ಲಿ ಸೇರಿದೆಯೇ, ಕೋಣೆ ಬಿಡುವ ಹೊತ್ತು ಯಾವುದು ಎಂದು ಮೊದಲೇ ಕೇಳಿಕೊಳ್ಳಿ.

ಮೂರನೆಯದು ಊಟ. ಇದರಲ್ಲಿ ನಮ್ಮನ್ನು ಮೋಸಗೊಳಿಸುವವರಾರು? ಒಂದು ತಟ್ಟೆ ಉಪ್ಪಿಟ್ಟಿಗೆ ರವೆ ಎಷ್ಟು, ಎಣ್ಣೆ ಎಷ್ಟು ಎಂದು ನಮಗೆ ಗೊತ್ತು. ದರದ ಹಲಗೆ ಇಲ್ಲದ ಕಡೆ ಕೂರಬೇಡಿ. ಮೊದಲ ದಿನಕ್ಕೆ ಚಪಾತಿ, ಚಟ್ನಿಪುಡಿ, ಬುತ್ತಿಯನ್ನ ಮನೆಯಿಂದಲೇ ಒಯ್ಯಿರಿ. ಆದರೆ ಒಂದು ಹೊತ್ತಾದರೂ ಹೆಂಗಸರಿಗೆ ಅಡಿಗೆಯ ಗೊಡವೆ ಇರಬಾರದು. ಸ್ಟವ್ವು ಪಾತ್ರೆ ಹೊರಿಸಿಕೊಂಡು ಹೋಗಿ ಬೆಟ್ಟದ ಮೇಲೂ ಅವರಿಂದ ಬೇಯಿಸಿಕೊಳ್ಳುವುದಾದರೆ ಆ ಪ್ರವಾಸ ಯಾರಿಗಾಗಿ?

ನಾಲ್ಕನೆಯದನ್ನು ಹೇಳಲು ಸಂಕೋಚವಿದೆ, ಆದರೂ ಹೇಳುತ್ತೇನೆ. ಗುಜರಾತಿನಲ್ಲಿ ಪಾನನಿರೋಧವಿದೆ, ಗಡಿ ದಾಟಿದರೆ ಅಬುವಿನಲ್ಲಿ ಇಲ್ಲ. ಸಂಸಾರವನ್ನು ಮನೆಯಲ್ಲಿ ಬಿಟ್ಟು ನಾಲ್ಕು ಜನ ಗೆಳೆಯರು ಇದೊಂದಕ್ಕಾಗಿಯೇ ಹೋಗಿಬರುವುದುಂಟು. ಬೆಟ್ಟವನ್ನೂ ನೋಡುವುದಿಲ್ಲ, ಬಸದಿಯನ್ನೂ ನೋಡುವುದಿಲ್ಲ. ತಿಂಗಳ ಪಗಾರ ಒಂದು ರಾತ್ರಿಗೆ ತೀರುತ್ತದೆ. ಬರುವಾಗ ಚೀಲದಲ್ಲಿ ಬಾಟಲಿ ತಂದರೆ ಗಡಿಯಲ್ಲಿ ಪೋಲೀಸು, ಆಮೇಲೆ ಕೋರ್ಟು. ಅವರ ಮಕ್ಕಳು ಅಬುವನ್ನು ಕಂಡಿಲ್ಲ. ಇದಕ್ಕಿಂತ ದುಬಾರಿಯಾದ ಪ್ರವಾಸ ಯಾವ ಸಾಹುಕಾರನೂ ಮಾಡಲಾರ.

ಸೂರತ್ತಿನ ಬಂಧುಗಳಿಗೆ ಅಬು ದೂರ. ಅವರಿಗೆ ಡಾಂಗ್ ಜಿಲ್ಲೆಯ ಸಾಪುತಾರಾ ಇದೆ, ಗುಜರಾತಿನ ಗಿರಿಧಾಮ. ಸೂರತ್ತಿನಿಂದ ಬಸ್ಸಿನಲ್ಲೇ ಹೋಗಿ ಸೇರಬಹುದು. ಬಿಲಿಮೋರಾದಿಂದ ವಘೈವರೆಗೆ ಗಾಯಕವಾಡರ ಕಾಲದಲ್ಲಿ, 1913ರಲ್ಲಿ, ಹಾಕಿದ 63 ಕಿಲೋಮೀಟರಿನ ಚಿಕ್ಕ ರೈಲುದಾರಿ ಕಾಡಿನ ನಡುವೆ ಹಾಯುತ್ತದೆ. ಗಾಡಿಯ ವೇಳೆಯನ್ನು ಮೊದಲೇ ವಿಚಾರಿಸಿಕೊಂಡು ಹೊರಡಿ. ಮಳೆಗಾಲದಲ್ಲಿ ವಘೈ ಹತ್ತಿರದ ಗಿರಾ ಜಲಪಾತವನ್ನು ಕಂಡರೆ ಘಟ್ಟದ ಕೆಳಗಿನವರಿಗೆ ಊರೇ ನೆನಪಾಗುವುದು. ವಡೋದರದವರಿಗೆ ಸುಮಾರು 50 ಕಿಲೋಮೀಟರಿನಲ್ಲೇ ಪಾವಾಗಢವಿದೆ. ತಂತಿಯ ದಾರಿಯ ತೊಟ್ಟಿಲಿಗೆ ಟಿಕೇಟು, ಮೆಟ್ಟಿಲಿಗೆ ಇಲ್ಲ. ಕೆಳಗೆ ಚಾಂಪಾನೇರಿನ ಹಳೆಯ ಮಸೀದಿಗಳು ಮತ್ತು ಕೋಟೆ. 2004ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದವು. ಒಂದೇ ವಾರದ ರಜೆಯಲ್ಲಿ ಹೋಗಿ ಬರಬಹುದು.

ತರುಣರು ಕೆಲವರು ಹಿಮವನ್ನೇ ನೋಡಬೇಕು, ಹಲಗೆ ಕಟ್ಟಿಕೊಂಡು ಜಾರಬೇಕು ಎನ್ನುತ್ತಾರೆ. ಆಸೆ ಒಳ್ಳೆಯದೇ. ಗುಲ್ಮಾರ್ಗಕ್ಕೋ ಮನಾಲಿಗೋ ತಾವಾಗಿ ಹೋದರೆ ಹಲಗೆಗೆ ಬಾಡಿಗೆ, ಬೂಟಿಗೆ ಬಾಡಿಗೆ, ಕೋಟಿಗೆ ಬಾಡಿಗೆ, ಕಲಿಸುವವನಿಗೆ ಬೇರೆ. ಅದರ ಬದಲು 1961ರಲ್ಲಿ ಮನಾಲಿಯಲ್ಲಿ ಸ್ಥಾಪನೆಯಾದ ಸರಕಾರಿ ಪರ್ವತಾರೋಹಣ ಸಂಸ್ಥೆಯ ಶಿಬಿರಕ್ಕೆ ಅರ್ಜಿ ಹಾಕಿದರೆ ಊಟ, ವಸತಿ, ಸಾಮಾನು, ಶಿಕ್ಷಣ ಎಲ್ಲವೂ ಒಂದೇ ಶುಲ್ಕದಲ್ಲಿ ಸೇರುತ್ತವೆ. ಅಷ್ಟು ದೂರವೂ ಬೇಡವೆಂದರೆ ಗುಜರಾತ್ ಸರಕಾರದ ಪರ್ವತಾರೋಹಣ ಸಂಸ್ಥೆ ಅಬುವಿನಲ್ಲೇ ಇದೆ. ಅಲ್ಲಿ ಬಂಡೆ ಹತ್ತುವುದನ್ನು ಕಲಿಸುತ್ತಾರೆ. ಇಲ್ಲೇ ಹುಟ್ಟಿ ಬೆಳೆದ ನಮ್ಮ ಮಕ್ಕಳು ಏಕೆ ಅರ್ಜಿ ಹಾಕಬಾರದು?

ಕೊನೆಗೆ ಹಣದ ಮಾತು. ಒಂದು ವಿಷಯ ಕಟ್ಟುನಿಟ್ಟು: ಪ್ರವಾಸಕ್ಕೆ ಸಾಲ ಬೇಡ. ಬಡ್ಡಿಯ ಸಾಲ ತಂದು ಕಂಡ ಸೂರ್ಯಾಸ್ತ ಮನೆಗೆ ಕತ್ತಲೆ ತರುತ್ತದೆ. ಉದಾಹರಣೆಗೆ ಒಂದು ಲೆಕ್ಕ ಹೇಳುತ್ತೇನೆ. ತಿಂಗಳಿಗೆ 400 ರೂಪಾಯಿಯಂತೆ ಹತ್ತು ತಿಂಗಳು ಬ್ಯಾಂಕಿನ ಆವರ್ತ ಠೇವಣಿಗೆ ಹಾಕಿದರೆ 4000 ಆಗುತ್ತದೆ. ಅದನ್ನು ನಾಲ್ಕು ಪಾಲು ಮಾಡಿ: ಒಂದು ಗಾಡಿಗೆ, ಒಂದು ಕೋಣೆಗೆ, ಒಂದು ಊಟಕ್ಕೆ. ನಾಲ್ಕನೆಯದು ಜ್ವರ, ಗಾಯ, ತಪ್ಪಿದ ರೈಲು ಇಂಥವಕ್ಕೆ. ಖರ್ಚಾಗದೆ ಉಳಿದರೆ ಮಕ್ಕಳ ಪುಸ್ತಕಕ್ಕೆ. ದರಗಳು ಏರುತ್ತಿರುತ್ತವೆ, ಹೊರಡುವ ಮುನ್ನ ಕೇಳಿ ತಿಳಿದು ಪಾಲುಗಳನ್ನು ಸರಿಪಡಿಸಿಕೊಳ್ಳಿ.

ಹತ್ತು ಸಂಸಾರ ಸೇರಿದರೆ ಜೀಪಿನವನು ಚೌಕಾಶಿಗೆ ಬರುತ್ತಾನೆ, ಧರ್ಮಶಾಲೆಯವನು ದೊಡ್ಡ ಕೋಣೆ ತೆರೆಯುತ್ತಾನೆ. ಆದುದರಿಂದ ನಮ್ಮ ಸಂಘ ಒಂದು ಪ್ರವಾಸ ನಿಧಿಯನ್ನು ಆರಂಭಿಸಲಿ ಎಂದು ಸೂಚಿಸುತ್ತೇನೆ. ಹಣ ಯಾರೊಬ್ಬರ ಜೇಬಿನಲ್ಲೂ ಇರಬಾರದು. ಬ್ಯಾಂಕಿನಲ್ಲಿರಲಿ, ತೆಗೆಯಲು ಮೂವರ ಸಹಿ ಬೇಕಾಗಲಿ, ಲೆಕ್ಕ ತಿಂಗಳಿಗೊಮ್ಮೆ ಇದೇ ಪತ್ರಿಕೆಯಲ್ಲಿ ಅಚ್ಚಾಗಲಿ. ಮೂವರಲ್ಲಿ ಒಬ್ಬರು ಹೆಂಗಸರಿರಲಿ. ಮನೆಯ ನಾಲ್ಕು ಕಾಸು ಉಳಿಸುವವರು ಅವರೇ ಅಲ್ಲವೇ?

ಬೆಟ್ಟದ ಮೇಲೆ ಕೋಣೆಗೆ ಬಾಡಿಗೆಯಿದೆ, ದೋಣಿಗೆ ಬಾಡಿಗೆಯಿದೆ, ಕುದುರೆಗೆ ಬಾಡಿಗೆಯಿದೆ. ಗಾಳಿಗೆ ಇನ್ನೂ ಬಾಡಿಗೆಯಿಲ್ಲ. ಮಗ್ಗದ ಧೂಳನ್ನೂ ಒಲೆಯ ಹೊಗೆಯನ್ನೂ ವರ್ಷವೆಲ್ಲ ಕುಡಿಯುವ ನಮಗೆ ಅದು ಎಲ್ಲರಿಗಿಂತ ಹೆಚ್ಚು ಬೇಕು. ಹೋಗಿಬನ್ನಿ, ಸಂಸಾರಸಮೇತ ಹೋಗಿಬನ್ನಿ.