ದೋಣಿ ಸ್ಪರ್ಧೆಗೆ ಎಂಥ ನೀರು ಬೇಕು?



ಆಲಮಟ್ಟಿಯ ಹಿನ್ನೀರು ಕಂಡವರಿಗೆ ಒಂದು ಆಸೆ ಹುಟ್ಟುವುದುಂಟು: ಇಷ್ಟು ದೊಡ್ಡ ನೀರಿನಲ್ಲಿ ಅಂತರರಾಷ್ಟ್ರೀಯ ದೋಣಿ ಸ್ಪರ್ಧೆ ನಡೆಸಬಾರದೇಕೆ? ಇದಕ್ಕೆ ಉತ್ತರ ಹುಡುಕಲು ಸರೋವರ ಬೇರೆ, ಜಲಾಶಯ ಬೇರೆ ಎಂಬುದನ್ನು ಮೊದಲು ತಿಳಿಯಬೇಕು.

ರೋಯಿಂಗ್ ನಮ್ಮ ಹರಿಗೋಲಿನ ಪ್ರಯಾಣದಂತಲ್ಲ. ಇಲ್ಲಿ ಸ್ಪರ್ಧಿ ಗುರಿಗೆ ಬೆನ್ನು ಮಾಡಿ ಕುಳಿತು ಹುಟ್ಟು ಎಳೆಯುತ್ತಾನೆ. ಅಂತರರಾಷ್ಟ್ರೀಯ ಸ್ಪರ್ಧೆಗೆ ಸಾಮಾನ್ಯವಾಗಿ 2000 ಮೀಟರ್ ನೇರ ದಾರಿ, ತಲಾ 13.5 ಮೀಟರ್ ಅಗಲದ ಆರು ಲೇನ್, ಕನಿಷ್ಠ 3 ಮೀಟರ್ ಆಳ ಬೇಕು. ಆಳ ಸಾಲದಿದ್ದರೆ ದೋಣಿ ಎಬ್ಬಿಸಿದ ಅಲೆಯೇ ಅದರ ವೇಗವನ್ನು ತಗ್ಗಿಸುತ್ತದೆ. ಒಂದು ಲೇನ್ ಆಳವಾಗಿದ್ದು ಇನ್ನೊಂದು ತೆಳುವಾಗಿದ್ದರೆ ಪಂದ್ಯ ನ್ಯಾಯವಾಗದು. ಗಾಳಿಯೂ ಅಷ್ಟೇ, ಎಲ್ಲರಿಗೂ ಸಮನಾಗಿ ಬೀಸಬೇಕು.

ಸ್ವಿಟ್ಜರ್ಲೆಂಡಿನ ಲೂಸರ್ನ್ ನಗರದ ಬಳಿಯ ರೋಟ್ಸೇ ಎಂಬ ನೈಸರ್ಗಿಕ ಸರೋವರ ಇದಕ್ಕೆ ಹೇಳಿ ಮಾಡಿಸಿದಂತಿದೆ. ಉದ್ದ ಸುಮಾರು 2.4 ಕಿಲೋಮೀಟರ್, ಅಗಲ ಕಡಿಮೆ, ಇಕ್ಕೆಲದ ಗುಡ್ಡಗಳು ಗಾಳಿಯನ್ನು ತಡೆಯುತ್ತವೆ. ರೋಯಿಂಗ್‌ನ ಮೊದಲ ವಿಶ್ವ ಚಾಂಪಿಯನ್‌ಷಿಪ್ 1962ರಲ್ಲಿ ನಡೆದದ್ದು ಅಲ್ಲಿಯೇ. ನಮ್ಮ ದೇಶದಲ್ಲೂ 2025ರ ಆಗಸ್ಟ್‌ನಲ್ಲಿ ಶ್ರೀನಗರದ ದಾಲ್ ಸರೋವರದಲ್ಲಿ ಖೇಲೋ ಇಂಡಿಯಾ ಜಲಕ್ರೀಡೋತ್ಸವ ನಡೆದು, ರೋಯಿಂಗ್ ಅದರ ಭಾಗವಾಗಿತ್ತು.

ಇಂಥ ಸರೋವರಗಳಲ್ಲಿ ನೀರು ಒಂದೆಡೆ ಬಂದು ಇನ್ನೊಂದೆಡೆ ಹೊರಬೀಳುತ್ತದೆ. ಹಾಗಾಗಿ ಮಟ್ಟ ಬಹಳ ಏರಿಳಿಯುವುದಿಲ್ಲ. ಒಮ್ಮೆ ಹಾಕಿದ ಲೇನ್ ಗುರುತು ವರ್ಷಗಟ್ಟಲೆ ಕೆಲಸಕ್ಕೆ ಬರುತ್ತದೆ.

ಇಂಡಿ, ಸಿಂದಗಿ, ಬಸವನ ಬಾಗೇವಾಡಿಗಳ ನೆಲ ಬಹುಪಾಲು ಕಪ್ಪು ಬಸಾಲ್ಟ್ ಶಿಲೆಯದು. ತಗ್ಗು ಕೊರೆಯಲು ಇಲ್ಲಿ ಹಿಮನದಿ ಇರಲಿಲ್ಲ. ಮರಳದಿಬ್ಬ ಕಟ್ಟಿ ನೀರು ತಡೆಯಲು ಸಮುದ್ರ ಹತ್ತಿರವಿಲ್ಲ. ಇದ್ದ ತಗ್ಗುಗಳಿಗೂ ಹಳೆಯ ನದಿ-ಹಳ್ಳಗಳು ದಾರಿ ಕೊರೆದು ನೀರು ಹರಿಸಿಬಿಟ್ಟಿವೆ. ಆದ್ದರಿಂದ ನಮ್ಮ ಕೆರೆಗಳೆಂದರೆ ಜನ ಏರಿ ಹಾಕಿ ಕಟ್ಟಿದವು.

ಆಲಮಟ್ಟಿಯೂ ಕಟ್ಟಿದ ನೀರೇ. ಆಗ ಬಾಗೇವಾಡಿ ತಾಲ್ಲೂಕಿನಲ್ಲಿದ್ದು, ಈಗ ನಿಡಗುಂದಿ ತಾಲ್ಲೂಕಿಗೆ ಸೇರಿರುವ ಅಲ್ಲಿ 1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಅಡಿಗಲ್ಲಿಟ್ಟರು. ಮಳೆಗಾಲದಲ್ಲಿ 519.60 ಮೀಟರ್ ಮಟ್ಟಕ್ಕೆ ತುಂಬುವ ಜಲಾಶಯ ಬೇಸಿಗೆಯಲ್ಲಿ ಹಲವು ಮೀಟರ್ ಇಳಿಯುತ್ತದೆ. ದಂಡೆ ಇಳಿಜಾರಿಲ್ಲದ ಬಯಲಾದ ಕಡೆ ನೀರು ಬಹುದೂರ ಹಿಂದೆ ಸರಿಯುತ್ತದೆ. ಸೆಪ್ಟೆಂಬರಿನಲ್ಲಿ ದೋಣಿ ಓಡಿದಲ್ಲಿ ಮೇ ತಿಂಗಳಲ್ಲಿ ಕೆಸರು ಕಾಣಬಹುದು.

ಇದನ್ನು ದೋಷವೆನ್ನಬೇಡಿ. ಕಾಲುವೆಗಳ ಮೂಲಕ ಹೊಲಕ್ಕೆ ಇಳಿಯುವುದೇ ಆ ನೀರಿನ ಕೆಲಸ. ಅದಕ್ಕಾಗಿಯೇ ಹಳ್ಳಿ ಹಳ್ಳಿಗಳ ಜನ ಮನೆ-ಹೊಲ ಬಿಟ್ಟುಕೊಟ್ಟರು. ಆಟಕ್ಕಾಗಿ ಮಟ್ಟ ಹಿಡಿದು ನಿಲ್ಲಿಸುವ ಯೋಚನೆ ಸಲ್ಲದು.

ಹಾಗೆಂದು ಆಸೆ ಬಿಡಬೇಕಿಲ್ಲ. ಗಾಳಿ ಕಡಿಮೆ ಇರುವ ಒಂದು ಹಿನ್ನೀರ ಕವಲು ಹುಡುಕಿ, ಆಳ ಅಳೆದು, ಜಲಾಶಯ ತುಂಬಿರುವ ಮಳೆಗಾಲದ ನಂತರದ ತಿಂಗಳುಗಳಲ್ಲಿ ತರಬೇತಿ ನಡೆಸಬಹುದು. ಅಲ್ಲಿ ಮೀನು ಹಿಡಿಯುವವರನ್ನೂ ಊರು ಕಳೆದುಕೊಂಡವರ ಮಕ್ಕಳನ್ನೂ ಮೊದಲು ಕೇಳಬೇಕು. ಆ ಮಕ್ಕಳೇ ಹುಟ್ಟು ಹಿಡಿದರೆ ಇನ್ನೂ ಒಳ್ಳೆಯದು.